ಮೂರನೇ ಕಲ್ಲು

ಹೊಗೆನಕಲ್ಲಿನಲ್ಲಿ ನೀರು ಬೀಳುವ ಜಾಗದ ಹತ್ತಿರ ಕೂಗಿ ಪ್ರಯೋಜನವಿಲ್ಲ. ಪಕ್ಕದಲ್ಲಿ ನಿಂತವರ ಮಾತನ್ನೇ ಬಾಯಿ ಅಲ್ಲಾಡುವುದನ್ನು ನೋಡಿ ತಿಳಿಯಬೇಕು. ಇನ್ನು ಕೆಳಗೆ ಬಂಡೆಗಳ ಸಂದಿಯಲ್ಲಿ ಪರಿಸಲು ಹಾಕುವವನಿಗೆ ದಡದವರ ಗಂಟಲು ಎಲ್ಲಿ ಮುಟ್ಟೀತು? ಹರಿಗೋಲಿಗೆ ನಮ್ಮ ಕಡೆ ತಮಿಳರೂ ಕನ್ನಡದವರೂ ಪರಿಸಲು ಅಂತಲೇ ಅನ್ನುತ್ತೇವೆ. ಪರಿಸಲಿನವನಿಗೆ ಏನಾದರೂ ಹೇಳಬೇಕಾದರೆ ನಮ್ಮವರು ಕಲ್ಲು ಎಸೆಯುತ್ತಿದ್ದರು. ಪರಿಸಲಿನ ಮುಂದೆ ನೀರಿಗೆ ಒಂದು ಕಲ್ಲು ಬಿದ್ದರೆ ದಡದ ಕಡೆ ನೋಡು ಅಂತ ಅರ್ಥ. ಎರಡನೆಯದು ಬಿದ್ದರೆ ತಿರುಗಿಸು ಅಂತ. ಮೂರನೆಯದು ಅಂತ ಒಂದು ಇರಲೇ ಇಲ್ಲ. ಎರಡು ಕಲ್ಲಿಗೂ ತಿರುಗದ ಪರಿಸಲಿನವನನ್ನು ನಾನು ಹುಟ್ಟಿದ ಮೇಲೆ ಕಂಡೂ ಇರಲಿಲ್ಲ, ಕೇಳಿಯೂ ಇರಲಿಲ್ಲ.

ಇದನ್ನು ನಾನು ಠಾಣೆಯಲ್ಲಿ ಹೇಳಿದೆ, ವಕೀಲರಿಗೆ ಹೇಳಿದೆ, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಆಮೇಲೆ ಎಲ್ಲರೂ ಒಂದೇ ಪ್ರಶ್ನೆ ಕೇಳಿದರು. ಹಾಗಿದ್ದರೆ ನಿಮ್ಮಮ್ಮ ಮೂರನೆಯದನ್ನು ಯಾಕೆ ಎಸೆದರು? ಉತ್ತರ ಗೊತ್ತಿದ್ದ ಇಬ್ಬರೂ ಬಾಯಿ ಬಿಡಲಿಲ್ಲ.

ಅಮ್ಮ ಹೊಳೆಯಾಚೆಯ, ಕರ್ನಾಟಕದ ದಡದವಳು. ಮದುವೆಯಾಗಿ ಪರಿಸಲಿನಲ್ಲೇ ಈಚೆಗೆ ಬಂದವಳು, ಅಂದಿನಿಂದ ಇಂದಿನವರೆಗೂ ಆ ನೀರಿನ ಬಣ್ಣ ನೋಡಿಯೇ ದಿನ ಕಳೆದವಳು. ಹೊಳೆದಂಡೆಯ ಬಂಡೆಯ ಮೇಲೆ ಅವಳದೊಂದು ಮೀನು ಹುರಿಯುವ ಅಂಗಡಿ. ಅಂಗಡಿ ಅಂದರೆ ನಾಲ್ಕು ಗಳ, ಮೇಲೊಂದು ಟಾರ್ಪಾಲು, ಒಂದು ಒಲೆ, ಅಗಲದ ಕಾವಲಿ. ಅಪ್ಪ ಕಾಮಾಲೆಯಲ್ಲಿ ತೀರಿಕೊಂಡಾಗ ನಾನಿನ್ನೂ ಸ್ಕೂಲಿಗೆ ಹೋಗುತ್ತಿದ್ದೆ. ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ಪರಿಸಲು ಹಾಕುವವನು. ಆಮೇಲೆ ಎರಡು ಮನೆಯ ಒಲೆಯೂ ಅವನ ಒಂದು ಹುಟ್ಟಿನ ಮೇಲೆ ಉರಿಯಿತು. ನಾನು ಓದಿ ಧರ್ಮಪುರಿಯ ಒಂದು ಸ್ಕೂಲಿನಲ್ಲಿ ಲೆಕ್ಕದ ಟೀಚರ್ ಆಗಿದ್ದರೆ ಅದರಲ್ಲಿ ಅವನ ರಟ್ಟೆಯ ಪಾಲು ದೊಡ್ಡದು. ಇದನ್ನು ಮರೆಯುವವಳು ನಾನಲ್ಲ. ಆದರೆ ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ.

ಅದೊಂದು ಭಾನುವಾರ. ರಜಾ ದಿನ ನಾನು ಅಮ್ಮನಿಗೆ ಈರುಳ್ಳಿ, ನಿಂಬೆಹಣ್ಣು ಹೆಚ್ಚಿಕೊಡಲು ಅಂಗಡಿಗೆ ಬರುತ್ತೇನೆ. ಬೆಳಿಗ್ಗೆಯೇ ನಾಲ್ವರು ಯುವಕರು ಬಂದಿದ್ದರು. ಯಾವುದೋ ಊರಿನಿಂದ ಕಾರು ಮಾಡಿಕೊಂಡು ಬಂದವರು. ಮೀನು ಹುರಿಯಲು ಹೇಳಿ, ಬಾಟಲಿ ತೆಗೆದು ಒಲೆಯ ಪಕ್ಕದಲ್ಲೇ ಇಟ್ಟರು. ಅಮ್ಮ ಅದನ್ನು ಆಚೆ ಇಡಿ ಅಂದಳು. ಅವರಲ್ಲೊಬ್ಬ ನಕ್ಕು, ಬೇಕಂತಲೇ ಮಸಾಲೆ ಬೋಗುಣಿಯ ಪಕ್ಕಕ್ಕೆ ತಳ್ಳಿದ. ಬೋಗುಣಿ ಉರುಳಿತು, ಹಚ್ಚಿಟ್ಟ ಮೀನೆಲ್ಲ ಮಣ್ಣುಪಾಲಾಯಿತು. ಅಮ್ಮ ಸುಮ್ಮನಿರುವ ಹೆಂಗಸಲ್ಲ. ನಿನ್ನ ಕೈ ಸೇದಿಹೋಗ ಅಂತ ಕನ್ನಡದಲ್ಲಿ ಶುರುಮಾಡಿ ತಮಿಳಿನಲ್ಲಿ ಮುಗಿಸಿದಳು. ಸುತ್ತಲಿನ ಅಂಗಡಿಯವರೆಲ್ಲ ಕೇಳಿಸಿಕೊಂಡರು, ಕೆಲವರು ನಕ್ಕರು. ಯುವಕರು ಬೈದುಕೊಂಡು ಪರಿಸಲಿನ ಕಡೆ ಹೋದರು. ಹೋಗಿ ಹತ್ತಿದ್ದು ಚಿಕ್ಕಪ್ಪನ ಪರಿಸಲನ್ನೇ.

ಆವತ್ತು ಪರಿಸಲು ಬಿಟ್ಟಿದ್ದರು, ಆದರೆ ಒಂದು ಗಡಿಯವರೆಗೆ ಮಾತ್ರ. ನಮ್ಮ ಅಂಗಡಿಯಿಂದ ಕಾಣುವ ಒಂದು ಬಂಡೆಯ ಮೈಗೆ ಕೆಂಪು ಗೆರೆ ಬಳಿದಿದ್ದಾರೆ. ಅದರಾಚೆ ಎರಡು ಕಡೆಯೂ ಗೋಡೆಯಂತೆ ಬಂಡೆ, ನಡುವೆ ಕಿರಿದಾದ ಕಾಲುವೆ. ಮೇಲೆ ಎಲ್ಲೋ ಮಳೆಯಾಗಿ ನೀರು ಏರಿದರೆ ಆ ಸಂದಿಯಲ್ಲಿ ತಿರುಗಿಸಲು ಜಾಗವೂ ಇರುವುದಿಲ್ಲ, ಹತ್ತಿ ನಿಲ್ಲಲು ದಡವೂ ಇರುವುದಿಲ್ಲ. ಅಲ್ಲಿಂದ ಫೋಟೋ ಮಾತ್ರ ಬಹಳ ಚೆನ್ನಾಗಿ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ.

ಅಮ್ಮ ಕಾವಲಿಗೆ ಎಣ್ಣೆ ಬಿಡುತ್ತಿದ್ದವಳು ತಲೆಯೆತ್ತಿ ಹೊಳೆ ನೋಡಿದಳು. ಸೌಟು ಕೆಳಗಿಟ್ಟಳು. ಬಂಡೆಯ ಅಂಚಿಗೆ ಬಿರಬಿರನೆ ಹೋದಳು. ಹಾವೇನಾದರೂ ಕಂಡಿತೋ ಅಂತ ನಾನು ಎದ್ದು ನಿಂತೆ. ಅವಳು ಒಂದು ಕಲ್ಲೆತ್ತಿ ಎಸೆದಳು. ಇನ್ನೊಂದು ಎಸೆದಳು. ಆಮೇಲೆ ಬಗ್ಗಿ, ಕಾಲಬುಡದಲ್ಲಿ ಬಿದ್ದಿದ್ದನ್ನೆಲ್ಲ ಬಿಟ್ಟು, ಅಲ್ಲಿ ಇಲ್ಲಿ ನೋಡಿ ಒಂದನ್ನು ಆರಿಸಿಕೊಂಡಳು. ಆರಿಸಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದೆ. ಅದನ್ನು ಎಸೆದಾಗ ಅವಳ ಕೈ ಮೊದಲೆರಡು ಸಲ ತೂಗಿದ ಹಾಗೆ ತೂಗಲಿಲ್ಲ. ನಾನು ಅಂಚಿಗೆ ಓಡಿಬಂದು ಕೆಳಗೆ ನೋಡುವಷ್ಟರಲ್ಲಿ, ಬೋಗುಣಿ ಉರುಳಿಸಿದ್ದ ಆ ಯುವಕ ಎರಡೂ ಕೈಯಲ್ಲಿ ಮುಖ ಹಿಡಿದುಕೊಂಡು ಪರಿಸಲಿನಲ್ಲಿ ಕುಸಿದಿದ್ದ. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಚಿಕ್ಕಪ್ಪ ಹುಚ್ಚನಂತೆ ಹುಟ್ಟು ಹಾಕುತ್ತಾ ಪರಿಸಲನ್ನು ದಡಕ್ಕೆ ತರುತ್ತಿದ್ದ.

ಅಮ್ಮನಿಗೆ ಕೋಪ ಬಂದು ಹೊಡೆದಳೇನೋ ಅಂತ ಒಂದು ಗಳಿಗೆ ನನಗೂ ಅನ್ನಿಸಿತು. ಹೆತ್ತವಳ ಮೇಲೆ ಹಾಗೆ ಅನ್ನಿಸಿದ್ದು ಈಗಲೂ ಚುಚ್ಚುತ್ತದೆ. ಆಮೇಲೆ ನೀರು ನೋಡಿದೆ. ಮೇಲಿನಿಂದ ಕೆಂಪಗೆ, ಕಸಕಡ್ಡಿ ಹೊತ್ತುಕೊಂಡು ಇಳಿಯುತ್ತಿತ್ತು. ಸ್ವಲ್ಪ ಹೊತ್ತಿನಲ್ಲೇ ಆ ಸಂದಿ ತುಂಬಿ ಕೆಂಪು ಗೆರೆ ಮುಳುಗಿತು. ಆದರೆ ಆಗ ದಡದಲ್ಲಿ ಯಾರ ಕಣ್ಣೂ ನೀರಿನ ಮೇಲಿರಲಿಲ್ಲ. ಎಲ್ಲರೂ ರಕ್ತ ನೋಡುತ್ತಿದ್ದರು. ಮೂವರು ಗೆಳೆಯರು ಅಮ್ಮನ ಕಡೆ ಬೆರಳು ತೋರಿಸಿ ಅರಚುತ್ತಿದ್ದರು, ಒಬ್ಬನ ಫೋನು ಆಗಲೂ ವೀಡಿಯೋ ತೆಗೆಯುತ್ತಲೇ ಇತ್ತು.

ಅವನ ಕಣ್ಣು ಉಳಿಯಿತು, ಹುಬ್ಬಿನ ಮೂಳೆ ಬಿರುಕುಬಿಟ್ಟಿತು. ಮೂಳೆ ಒಡೆದರೆ ಕಾನೂನಿನಲ್ಲಿ ಅದು ಬರೀ ಗಾಯವಲ್ಲ, ಭಾರೀ ಗಾಯ. ಪೊಲೀಸರು ಅಮ್ಮನನ್ನು ಕರೆದುಕೊಂಡು ಹೋದರು. ಅವಳ ಸೆರಗಿಗೆ ಅರಿಶಿನ, ಖಾರದ ಪುಡಿ ಮೆತ್ತಿತ್ತು. ಕಲ್ಲೆಸೆದೆಯಾ ಅಂತ ಕೇಳಿದರು. ಹೂಂ ಅಂದಳು. ಯಾಕೆ ಅಂತ ಕೇಳಿದರು. ಸೆರಗು ಕೊಡವಿಕೊಂಡಳು.

ವಕೀಲರು ವಯಸ್ಸಾದವರು, ತಾಳ್ಮೆಯವರು. ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಹೆದ್ದಾರಿಯಲ್ಲಿ ಕಾರಿಗೆ ಕಲ್ಲೆಸೆದು ದೋಚುವವರಿದ್ದಾರೆ, ಗಲಾಟೆಯಲ್ಲಿ ಬಸ್ಸಿನ ಗಾಜು ಒಡೆಯುವವರಿದ್ದಾರೆ, ಓಡುವ ರೈಲಿಗೆ ಸುಮ್ಮನೆ ಮೋಜಿಗೆ ಎಸೆಯುವವರೂ ಇದ್ದಾರೆ. ಅದಕ್ಕೇ ಓಡುವ ಗಾಡಿಗೋ ದೋಣಿಗೋ ಕಲ್ಲು ಅಂದ ಕೂಡಲೇ ಪೊಲೀಸರೂ ಕೋರ್ಟೂ ಮುಖ ಬಿಗಿಮಾಡಿಕೊಳ್ಳುತ್ತಾರೆ. ಆದರೆ ಅಲ್ಲಿ ತೂಗುವುದು ಕಲ್ಲನ್ನಲ್ಲ, ಎಸೆದವರ ಮನಸ್ಸನ್ನು. ಗಾಯವಾಗಲಿ ಅಂತಲೇ ಎಸೆದಿದ್ದರೆ ವರ್ಷಗಟ್ಟಲೆ ಜೈಲು. ಎಚ್ಚರವಿಲ್ಲದೆ ಎಸೆದಿದ್ದರೆ ಶಿಕ್ಷೆ ಕಡಿಮೆ. ಇನ್ನೊಂದು ದಾರಿಯೂ ಇದೆ ಅಂದರು. ದೊಡ್ಡ ಅಪಾಯ ತಪ್ಪಿಸಲು, ಕೆಟ್ಟ ಉದ್ದೇಶವಿಲ್ಲದೆ ಸಣ್ಣ ಅಪಾಯ ಮಾಡಿದರೆ ಅದು ತಪ್ಪೇ ಅಲ್ಲ. ಕಾನೂನಿನಲ್ಲಿ ಅದಕ್ಕೆ ಕೊಟ್ಟಿರುವ ಉದಾಹರಣೆಯೂ ನೀರಿನ ಮೇಲಿನದೇ, ಒಂದು ದೋಣಿ ಉಳಿಸಲು ಹೋಗಿ ಇನ್ನೊಂದನ್ನು ಅಪಾಯಕ್ಕೆ ಒಡ್ಡುವ ಹಡಗಿನ ಕಪ್ತಾನನದು.

ನನಗೆ ಜೀವ ಬಂದಂತಾಯಿತು. ಆದರೆ ಅವರು ಮುಂದುವರಿಸಿದರು. ದೊಡ್ಡ ಅಪಾಯ ಇತ್ತು ಅಂತ ತೋರಿಸಬೇಕು. ಪರಿಸಲು ಗೆರೆ ದಾಟಿತ್ತು ಅಂತ ಯಾರಾದರೂ ಹೇಳಬೇಕು. ಕಲ್ಲು ಬಿದ್ದ ಮೇಲೆ ಓಡಿಬಂದು ನೋಡಿದ ಮಗಳ ಮಾತು ನಿಲ್ಲುವುದಿಲ್ಲ. ಆ ಯುವಕರಿಗೆ ಗೆರೆ ಎಲ್ಲಿದೆ ಅಂತಲೇ ಗೊತ್ತಿಲ್ಲ. ವೀಡಿಯೋದಲ್ಲಿ ಬರೀ ಅವರ ಮುಖ, ಹಿಂದೆ ನೀರಿನ ಹೊಗೆ. ಎರಡು ಕಲ್ಲು ಪರಿಸಲಿನ ಮುಂದೆ ಬೀಳುವುದೇನೋ ಕಾಣುತ್ತದೆ, ಆದರೆ ಸರ್ಕಾರಿ ವಕೀಲರು ಅದನ್ನು ಗುರಿ ತಪ್ಪಿದ್ದು ಅಂತಾರೆ, ಮೂರನೆಯದಕ್ಕೆ ಗುರಿ ಸಿಕ್ಕಿತು ಅಂತಾರೆ. ಬೆಳಿಗ್ಗೆ ಜಗಳ ಬೇರೆ ಆಗಿದೆ. ನಿಮ್ಮ ಚಿಕ್ಕಪ್ಪ ಒಬ್ಬನೇ ನಿಜ ಹೇಳಬಲ್ಲವನು ಅಂದರು. ಅವನು ಪೊಲೀಸರಿಗೆ ಆಗಲೇ ಹೇಳಿಯಾಗಿತ್ತು: ನಾನು ಗೆರೆಯೊಳಗಿದ್ದೆ, ದಡದಿಂದ ಕಲ್ಲು ಬಂತು, ಯಾಕೆ ಅಂತ ನನಗೆ ಗೊತ್ತಿಲ್ಲ.

ಗೆರೆ ದಾಟಿದೆ ಅಂತ ಒಪ್ಪಿಕೊಂಡರೆ ಅವನ ಲೈಸನ್ಸು ಹೋಗುತ್ತದೆ, ಜನರ ಜೀವ ಅಪಾಯಕ್ಕೆ ತಳ್ಳಿದ ಅಂತ ಅವನ ಮೇಲೆಯೇ ಕೇಸಾಗುತ್ತದೆ. ಒಪ್ಪದಿದ್ದರೆ ಅಮ್ಮ ಜೈಲಿಗೆ. ಅತ್ತ ದರಿ ಇತ್ತ ಹುಲಿ ಅನ್ನುವುದು ನಮ್ಮ ಮನೆಯ ಪಾಲಿಗೆ ಹೀಗೆ ನಿಜವಾಯಿತು. ಆದರೂ ನನಗೆ ಯಾವ ಗೊಂದಲವೂ ಇರಲಿಲ್ಲ. ಗೆರೆ ದಾಟಿದವನು ಅವನು, ತಾನೇ ಒಪ್ಪಿಕೊಳ್ಳಲಿ ಅಂತ ನನ್ನ ಮನಸ್ಸು ಅಂದೇ ತೀರ್ಪು ಕೊಟ್ಟಿತ್ತು.

ಸೇಲಂ ಜೈಲಿಗೆ ಅಮ್ಮನನ್ನು ನೋಡಲು ಹೋದೆ. ಒಂದು ವಾರಕ್ಕೇ ಅವಳ ಮುಖ ಸಣ್ಣಗಾಗಿತ್ತು. ಕುಶಲ ಕೇಳುವ ಮೊದಲೇ ಅಂಗಡಿಯ ಎಣ್ಣೆ ಡಬ್ಬಕ್ಕೆ ಮುಚ್ಚಳ ಹಾಕಿದೆಯಾ ಅಂತ ಕೇಳಿದಳು. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. ಮೂರನೇ ಕಲ್ಲು ಯಾಕೆ ಎಸೆದೆ, ಅದೊಂದನ್ನು ಹೇಳು, ಮಿಕ್ಕಿದ್ದು ವಕೀಲರು ನೋಡಿಕೊಳ್ಳುತ್ತಾರೆ ಅಂದೆ.

"ಎಸ್ದೆ ಅಂತ ಒಪ್ಕಂಡಿದೀನಲ್ಲ. ಇನ್ನೇನ್ ಬೇಕಂತೆ ಅವ್ರಿಗೆ."

ಚಿಕ್ಕಪ್ಪನನ್ನು ಕರೆದುಕೊಂಡು ಬಂದು ಹೇಳಿಸುತ್ತೇನೆ ಅಂದೆ. ಅವಳ ಕಣ್ಣು ಕೆಂಪಾಯಿತು.

"ಅವ್ನ ತಂಟೆಗೆ ಓಗ್ಬೇಡ. ನಿಮ್ಮಪ್ಪ ಓದ್ ಮ್ಯಾಲೆ ಅವ್ನ್ ಹುಟ್ಟು ನಿಂತಿದ್ರೆ ನೀನೆಲ್ಲಿ ಟೀಚರ್ ಆಯ್ತಿದ್ದೆ. ಮನ್ಸ ಒಂದ್ ಕಿತ ತಪ್ ಮಾಡ್ತಾನೆ. ಅದ್ಕೆ ಅವ್ನ್ ಒಟ್ಟೆ ಮ್ಯಾಲೆ ಒಡೆಯಾಕಾಯ್ತದಾ?"

ನಾನು ಅವಳ ಮಾತು ಕೇಳಲಿಲ್ಲ. ಅಲ್ಲಿಂದ ನೇರ ಚಿಕ್ಕಪ್ಪನ ಮನೆಗೆ ಹೋದೆ. ಅವನು ಜಗಲಿಯ ಮೇಲೆ ಕೂತು ನೆಲ ನೋಡುತ್ತಿದ್ದ. ಚಿಕ್ಕಮ್ಮ ಕಾಫಿ ತಂದಿಟ್ಟು ಒಳಗೆ ಹೋದಳು. ಕೇಸಾದ ಮೇಲೆ ಅವನು ನಮ್ಮ ಮನೆಯ ಕಡೆ ತಲೆಹಾಕಿರಲಿಲ್ಲ, ಆದರೆ ದಿನವೂ ಯಾರ ಕೈಯಲ್ಲೋ ಮೀನು ಕಳಿಸುತ್ತಿದ್ದ. ಆ ಮೀನನ್ನು ನಾನು ಬೆಕ್ಕಿಗೆ ಹಾಕುತ್ತಿದ್ದೆ. ಗೆರೆ ದಾಟಿದ್ದೆ ಅಲ್ಲವಾ ಅಂತ ಮುಖಕ್ಕೇ ಕೇಳಿದೆ. ಗೆರೆಯೊಳಗೇ ಇದ್ದೆ ಮಗಾ ಅಂದ. ನನ್ನ ಕಣ್ಣು ನೋಡಿ ಹೇಳಲು ಅವನಿಂದ ಆಗಲಿಲ್ಲ. ಉಂಡ ಮನೆಗೆ ಎರಡು ಬಗೆಯಬೇಡ ಅಂತ ಅಂದುಬಿಟ್ಟೆ. ನಿಜಕ್ಕೂ ಉಂಡದ್ದು ಅವನ ಮನೆಯಲ್ಲಿ ನಾವು, ಅದು ಆಗ ನನಗೆ ಹೊಳೆಯಲಿಲ್ಲ. ಕಾಫಿ ಲೋಟ ಅಲ್ಲೇ ಕುಕ್ಕಿ ಎದ್ದುಬಂದೆ.

ಅಮ್ಮನಿಗೆ ಜಾಮೀನು ಸಿಕ್ಕಿತು. ದಿನಾ ಬೆಳಿಗ್ಗೆ ಠಾಣೆಗೆ ಹೋಗಿ ಸಹಿ ಹಾಕಬೇಕು ಅಂತ ಷರತ್ತು. ಸಹಿ ಹಾಕಿ ಬಂದು ಒಲೆ ಹಚ್ಚುತ್ತಿದ್ದಳು. ಕಲ್ಲೆಸೆಯುವ ಹೆಂಗಸಿನ ಅಂಗಡಿ ಅಂತ ಕೆಲವರು ದೂರದಿಂದ ನೋಡಿ ಹೋಗುತ್ತಿದ್ದರು. ಅಂಗಡಿಗೆ ಬಂದವರಿಗೆ ಅಮ್ಮ ಎಂದಿನ ಹಾಗೆ ಮುಳ್ಳು ನೋಡಿ ತಿನ್ನಿ ಅನ್ನುತ್ತಿದ್ದಳು. ಚಿಕ್ಕಪ್ಪನ ಪರಿಸಲು ಕೆಳಗೆ ಹಾದುಹೋದರೆ ಮಾತ್ರ ಒಲೆಯ ಕಡೆ ತಿರುಗಿ ಕೂರುತ್ತಿದ್ದಳು. ಮನೆಯಲ್ಲಿ ಯಾರಾದರೂ ಬಾಗಿಲು ತಟ್ಟಿದರೆ ನಾವಿಬ್ಬರೂ ಮೊದಲು ಕಿಟಕಿಯಿಂದ ಇಣುಕುತ್ತಿದ್ದೆವು. ಶಿಕ್ಷೆಯಾದರೆ ಏನು ಮಾಡುವುದು ಅನ್ನುವ ಮಾತನ್ನು ಇಬ್ಬರೂ ಆಡಲಿಲ್ಲ. ಅಮ್ಮ ಒಂದು ದಿನ ಸುಮ್ಮನೆ ಮಸಾಲೆಗೆ ಯಾವುದು ಎಷ್ಟು ಹಾಕಬೇಕು ಅಂತ ನನಗೆ ಹೇಳಿಕೊಡತೊಡಗಿದಳು. ನನಗೆ ಯಾಕೆ ಇದು, ನೀನಿದ್ದೀಯಲ್ಲ ಅಂದೆ. ಅವಳು ಅರೆಯುವುದನ್ನು ನಿಲ್ಲಿಸಲಿಲ್ಲ.

ವಿಚಾರಣೆ ಶುರುವಾಯಿತು. ಗಾಯವಾದ ಯುವಕ ಬಂದು ಜಗಳದ ವಿಷಯ, ಶಾಪದ ವಿಷಯ ಎಲ್ಲ ಹೇಳಿದ. ಸುಳ್ಳೇನೂ ಹೇಳಲಿಲ್ಲ. ಹುಬ್ಬಿನ ಮೇಲೆ ಹೊಲಿಗೆಯ ಗುರುತು ಎದ್ದು ಕಾಣುತ್ತಿತ್ತು. ಅದನ್ನು ನೋಡಿದಾಗ ನನಗೂ ಅಯ್ಯೋ ಅನ್ನಿಸಿತು, ಯಾರೋ ಹೆತ್ತ ಮಗ. ಅಮ್ಮ ಅವನನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ಪೊಲೀಸರ ಕಡೆಯ ಸಾಕ್ಷಿಯಾಗಿ ಚಿಕ್ಕಪ್ಪನನ್ನು ಕೂಗಿದರು. ಒಗೆದ ಬಿಳಿ ಅಂಗಿ ಹಾಕಿದ್ದ, ಕತ್ತಿನ ಗುಂಡಿಯನ್ನೂ ಬಿಡದೆ. ಹುಟ್ಟು ಹಿಡಿದು ಜಡ್ಡುಗಟ್ಟಿದ ಕೈ ಎಲ್ಲಿಡಬೇಕು ಅಂತ ತಿಳಿಯದೆ ಕಟಕಟೆಯ ಅಂಚನ್ನು ಹಿಡಿದುಕೊಂಡ. ಅವನ ಬಾಯಿಂದ ಬರುವ ಒಂದು ಮಾತಿನ ಮೇಲೆ ಅಮ್ಮ ಮನೆಗೋ ಜೈಲಿಗೋ ಅನ್ನುವುದು ನಿಂತಿತ್ತು.

ಸರ್ಕಾರಿ ವಕೀಲರು ತಮಿಳಿನಲ್ಲಿ ಕೇಳಿದರು. ಕಲ್ಲು ಬಂದಾಗ ಪರಿಸಲು ಎಲ್ಲಿತ್ತು? ಚಿಕ್ಕಪ್ಪ ಬಾಯಿ ತೆರೆದ, ಮುಚ್ಚಿದ. ಸೊಲ್ಲುಂಗ, ಹೇಳಿ ಅಂತ ವಕೀಲರು ಇನ್ನೊಮ್ಮೆ ಅಂದರು. ಆಗ ಆರೋಪಿಯ ಜಾಗದಿಂದ ಅಮ್ಮನ ದನಿ ಬಂತು, ಕನ್ನಡದಲ್ಲಿ.

"ಗೆರೆ ಒಳ್ಗೇ ಇದ್ದೆ ಅನ್ನಪ್ಪಾ."

ನಾನು ಕೂತಲ್ಲೇ ಕಲ್ಲಾದೆ. ತನ್ನನ್ನು ಜೈಲಿಗೆ ಹಾಕಿಸುವ ಮಾತನ್ನು ಅವಳೇ ಅವನಿಗೆ ಎತ್ತಿಕೊಡುತ್ತಿದ್ದಳು. ಜಡ್ಜ್ ತಲೆಯೆತ್ತಿ, ಆಕೆ ಏನು ಹೇಳಿದಳು ಅಂತ ಕೇಳಿದರು. ನಮ್ಮ ವಕೀಲರು ನನ್ನ ಕಡೆ ನೋಡಿದರು. ಉತ್ತರ ಕೊಟ್ಟವನು ಚಿಕ್ಕಪ್ಪ. ಗೆರೆಯೊಳಗೇ ಇದ್ದೆ ಅಂತ ಹೇಳು ಅಂತಾರೆ, ಅಯ್ಯಾ ಅಂದ. ಕಟಕಟೆಯ ಅಂಚು ಬಿಟ್ಟು ನೆಟ್ಟಗೆ ನಿಂತ. ಆದರೆ ನಾನು ಒಳಗಿರಲಿಲ್ಲ, ದಾಟಿ ಬಹಳ ದೂರ ಹೋಗಿದ್ದೆ ಅಂದ.

ಆಮೇಲೆ ತಮಿಳಿನಲ್ಲೇ, ತಡೆತಡೆದು, ಎಲ್ಲವನ್ನೂ ಹೇಳಿದ. ಇನ್ನೂ ಸ್ವಲ್ಪ ಒಳಗೆ ಹೋಗು ಅಂತ ಯುವಕರು ಒತ್ತಾಯ ಮಾಡಿದರು, ತಾನೂ ಆಸೆಪಟ್ಟು ಒಪ್ಪಿದ್ದ. ಮೊದಲನೇ ಕಲ್ಲು ಬಿದ್ದಾಗ ನೋಡಿದ್ದ. ಎರಡನೆಯದನ್ನೂ ನೋಡಿದ್ದ. ಮೇಲೆ ಅತ್ತಿಗೆ ನಿಂತದ್ದೂ ಕಂಡಿತ್ತು. ಹೆಂಗಸರು ಸುಮ್ಮನೆ ಹೆದರುತ್ತಾರೆ, ಈಗ ಬಂದುಬಿಡುತ್ತೇನೆ ಅಂದುಕೊಂಡು ಕೈ ಬೀಸಿ ಮುಂದಕ್ಕೆ ಹುಟ್ಟು ಹಾಕಿದ್ದ. ಜಡ್ಜ್ ಕೇಳಿದರು, ಹಾಗಾದರೆ ಮೂರನೇ ಕಲ್ಲು?

"ಅದು ನನಗೆ ಎಸೆದದ್ದು, ಅಯ್ಯಾ. ನನ್ನ ಬೆನ್ನಿಗೆ. ಓರೆಗಣ್ಣಿಗೆ ಬರುವುದು ಕಂಡು ನಾನು ಬಗ್ಗಿದೆ. ನನ್ನೆದುರಿಗೆ ಕೂತಿದ್ದ ಆ ಹುಡುಗನಿಗೆ ಬಿತ್ತು. ಅದು ಬೀಳದೆ ಹೋಗಿದ್ದರೆ ನಾನು ತಿರುಗುತ್ತಿರಲಿಲ್ಲ. ಐದು ಜನವೂ ಇವತ್ತು ಇರುತ್ತಿರಲಿಲ್ಲ."

ಯುವಕ ಹುಬ್ಬಿನ ಮೇಲೆ ಕೈಯಿಟ್ಟುಕೊಂಡು ಅಮ್ಮನ ಕಡೆ ತಿರುಗಿದ. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಇಷ್ಟು ದಿನ ಅವಳು ಮುಚ್ಚಿಟ್ಟದ್ದು ಗೆರೆ ದಾಟಿದ ಸುದ್ದಿಯನ್ನು ಮಾತ್ರವಲ್ಲ, ಚಿಕ್ಕಪ್ಪ ಕಲ್ಲು ನೋಡಿಯೂ ನಿಲ್ಲಲಿಲ್ಲ ಅನ್ನುವುದನ್ನೂ, ತಾನು ಬಗ್ಗಿ ಬೇರೊಬ್ಬನಿಗೆ ಏಟು ಬೀಳಿಸಿದ ಅನ್ನುವುದನ್ನೂ. ಪರಿಸಲಿನವರ ನಡುವೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ನನಗೆ ಅವನ ಮೇಲೆ ಅಸಹ್ಯ ಬಂತು. ಅದೇ ಹೊತ್ತಿಗೆ, ಆ ಬಿಳಿ ಅಂಗಿಯಲ್ಲಿ ನಿಂತವನನ್ನು ಹೋಗಿ ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು.

ತೀರ್ಪು ಬಂದ ದಿನ ಅಮ್ಮ ಬಿಡುಗಡೆಯಾದಳು. ಕೆಟ್ಟ ಉದ್ದೇಶವಿರಲಿಲ್ಲ, ದೊಡ್ಡ ಅನಾಹುತ ತಪ್ಪಿಸಲು ಎಸೆದದ್ದು ಅಂತ ಕೋರ್ಟು ಒಪ್ಪಿತು. ಚಿಕ್ಕಪ್ಪನ ಲೈಸನ್ಸು ಅಷ್ಟರಲ್ಲೇ ಹೋಗಿತ್ತು, ಅವನ ಮೇಲಿನ ಕೇಸು ಇನ್ನೂ ನಡೆಯುತ್ತಿದೆ. ಈಗ ಅವನು ಅಮ್ಮನ ಅಂಗಡಿಯಲ್ಲಿ ಕೂತು ಮೀನು ಉಜ್ಜುತ್ತಾನೆ. ಪರಿಸಲಿನವರು ಹಾದುಹೋಗುವಾಗ ತಲೆಯೆತ್ತುವುದಿಲ್ಲ. ಅವನು ಮನೆಗೆ ಕೊಟ್ಟು ಕಳಿಸುವ ಮೀನನ್ನು ನಾನು ಬೆಕ್ಕಿಗೆ ಹಾಕುವುದನ್ನು ನಿಲ್ಲಿಸಿದ್ದೇನೆ, ಆದರೆ ಅವನ ಜೊತೆ ಮೊದಲಿನ ಹಾಗೆ ಮಾತಾಡಲು ನನಗೆ ಆಗುತ್ತಿರಲಿಲ್ಲ.

ಕಳೆದ ಭಾನುವಾರ ಅವನು ನೀರು ತರಲು ಹೋಗಿದ್ದಾಗ ಆ ಮಾತು ನನ್ನ ಬಾಯಿಂದ ಬಂದೇಬಿಟ್ಟಿತು. ಏನೇ ಆಗಲಿ, ಅವನು ಬಗ್ಗಬಾರದಿತ್ತು, ತನ್ನ ಬೆನ್ನು ಉಳಿಸಿಕೊಳ್ಳಲು ಇನ್ನೊಬ್ಬನ ಮುಖ ಕೊಟ್ಟ ಅಂದೆ. ಅಮ್ಮ ಕಾವಲಿಯ ಮೇಲಿನ ಮೀನು ಮಗುಚುತ್ತಿದ್ದಳು. ಅವನು ಹೋದ ದಿಕ್ಕಿಗೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ಬಗ್ಗಿದ್ದೇ ಒಳ್ಳೇದಾಯ್ತು ಕಣೆ. ಬೆನ್ಗಲ್ಲ, ನಾನು ಅವ್ನ್ ತಲೆಗೇ ಎಸ್ದಿದ್ದೆ."